ಘತ್ತರಗಿಯವರ ಪೈಕಿ

ಹೋದ ಎಳ್ಳ ಅಮಾವಾಸ್ಯೆಯ ದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಣ್ಣುಮಗಳ ಬುಟ್ಟಿಯಿಂದ ಭಜ್ಜಿಯ ವಾಸನೆ ಬಂತು. ಹಸಿ ಕಡಲೆ, ಹಸಿ ತೊಗರಿ, ಮೆಂತ್ಯೆ ಸೊಪ್ಪು, ಹುಣಸೆ ಹುಳಿ ಎಲ್ಲ ಒಂದೇ ಗಡಿಗೆಯಲ್ಲಿ ಕುದ್ದ ವಾಸನೆ. ನಾನು ಬೀಗರನ್ನು ಕಾಣಲು ಅಫಜಲಪುರಕ್ಕೆ ಹೊರಟಿದ್ದೆ. ಯಾವಾಗಲೂ ದೇವಣಗಾಂವ ಸೇತುವೆಯ ಮೇಲಿಂದ ಸುತ್ತಿ ಹೋಗುವವನು. ಅಂದು ಹಬ್ಬವೆಂದು ಆ ಬಸ್ಸು ಬರಲಿಲ್ಲ. ಘತ್ತರಗಿ ಮೇಲಿಂದ ಹೋಗುವ ಬಸ್ಸು ಹತ್ತಬೇಕಾಯಿತು. ಬಸ್ಸು ಭೀಮೆಯನ್ನು ದಾಟಿ ಘತ್ತರಗಿಯಲ್ಲಿ ನಿಂತಿತು. ಬುಟ್ಟಿಯವಳು ಇಳಿದಳು. ನನ್ನ ಟಿಕೆಟ್ಟು ಇನ್ನೂ ಮುಂದಿನದು. ಆದರೂ ಅವಳ ಬೆನ್ನಿಗೇ ನಾನೂ ಇಳಿದುಬಿಟ್ಟೆ.

ಈ ಊರಲ್ಲಿ ಕಾಲಿಡದೆ ಅರವತ್ತು ವರ್ಷಕ್ಕೂ ಮೇಲಾಗಿತ್ತು. ಬಿಡುವಿರಲಿಲ್ಲ ಎಂದಲ್ಲ. ಬರಲು ಮುಖವಿರಲಿಲ್ಲ. ಯಾಕೆಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ನಾನು ಇಲ್ಲಿ ಕಳೆದ ಆ ಒಂದು ವರ್ಷ ಎಷ್ಟು ಚೆಂದವಿತ್ತು ಎಂಬುದನ್ನು ಹೇಳಬೇಕು. ಇಲ್ಲವಾದರೆ ನಾನು ಕಳೆದುಕೊಂಡದ್ದು ಏನೆಂದು ನಿಮಗೆ ತಿಳಿಯುವುದಿಲ್ಲ.

ಆಗ ನನಗೆ ಹತ್ತೊಂಬತ್ತು. ವಿಜಾಪುರದಲ್ಲಿ ಹೈಸ್ಕೂಲು ಮುಗಿಸಿದ್ದೆ. ಶಾಲೆ ಬಿಟ್ಟ ಮೇಲೆ ಸಂಜೆ ಒಬ್ಬ ಟೇಲರನ ಅಂಗಡಿಯಲ್ಲಿ ಕೂತು ಹೊಲಿಗೆ ಕಲಿತಿದ್ದೆ. ಆತ ಅಂಗಡಿ ಮುಚ್ಚುವಾಗ ತನ್ನ ಹಳೆಯ ಕಾಲ್ತುಳಿ ಮಷೀನನ್ನು ನನಗೆ ಕೊಟ್ಟ. ಅಪ್ಪ ತೀರಿಹೋಗಿದ್ದರಿಂದ ಮನೆಯ ಯಜಮಾನಿಕೆ ದೊಡ್ಡಪ್ಪನದು. ಅವನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತ ಕೂರುವುದು ನನಗೆ ಬೇಡವಾಗಿತ್ತು. ಸಿಂದಗಿ ಕಡೆಯ ನಮ್ಮೂರಲ್ಲಿ ಟೇಲರರು ಸಾಕಷ್ಟಿದ್ದರು. ಭೀಮೆಯ ಆಚೆ ಘತ್ತರಗಿಯಲ್ಲಿ ಒಬ್ಬನೂ ಇಲ್ಲವೆಂದೂ, ಭಾಗ್ಯವಂತಿ ದೇವಿಗೆ ಬರುವ ಹೆಂಗಸರು ಖಣ ಹಿಡಿದುಕೊಂಡು ಹೊಲಿಯುವವರಿಗಾಗಿ ಹುಡುಕಾಡುತ್ತಾರೆಂದೂ ಯಾರೋ ಹೇಳಿದ್ದರು. ಹೋಗಿಯೇ ಬಿಡಬೇಕು ಅನ್ನಿಸಿತು.

‘ನಿನಗ ತಲಿ ಕೆಟ್ಟೈತೇನು?’ ಎಂದ ದೊಡ್ಡಪ್ಪ. ‘ಅದು ನಿಜಾಮನ ಮುಲ್ಕ. ಅಲ್ಲಿ ಮಂದಿ ಈ ಕಡೆ ಬರ್ಬೇಕಂತಾರ. ನೀ ಆ ಕಡೆ ಹೊಂಟಿ!’

ಅವನ ಮಾತು ಖರೆ. ನಮ್ಮ ಶಾಲೆಯ ಮುಂದೆ ಬಾವುಟ ಏರಿಸಿ ಪೇಢೆ ಹಂಚಿ ಇನ್ನೂ ತಿಂಗಳಾಗಿರಲಿಲ್ಲ. ಈಚೆ ದಂಡೆ ಸ್ವತಂತ್ರ ದೇಶ. ಆಚೆ ದಂಡೆ ಬೇರೆ ರಾಜ್ಯ, ಬೇರೆ ನಾಣ್ಯ, ಬೇರೆ ಅಂಚೆ ಚೀಟಿ, ನಡುವೆ ಸುಂಕದ ನಾಕಾ. ನಮ್ಮೂರಿನಿಂದ ಹೊಳೆಗೆ ಚಕ್ಕಡಿಯಲ್ಲಿ ಅರ್ಧ ದಿನದ ದಾರಿ, ಆಮೇಲೆ ಒಂದು ಹರಗೋಲು. ಕಡಲು ದಾಟಲು ಹಡಗು ಹತ್ತುವವರಿಗೆ ಎದೆ ಹೇಗೆ ಹೊಡೆದುಕೊಳ್ಳುತ್ತದೋ ನನಗೆ ಗೊತ್ತಿಲ್ಲ. ಆ ಚಕ್ಕಡಿಯಲ್ಲಿ ಮಷೀನಿನ ಕಬ್ಬಿಣದ ಕಾಲು ಅಪ್ಪಿಕೊಂಡು ಕೂತ ನನಗೆ ಮಾತ್ರ ಇಡೀ ದಾರಿ ಹಾಡಬೇಕು ಅನ್ನಿಸುತ್ತಿತ್ತು.

ಭೀಮೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಹರಗೋಲಿನ ಅಂಬಿಗ ಸಾಯಬಣ್ಣ ಮಷೀನನ್ನು ನೋಡಿದ, ನನ್ನನ್ನು ನೋಡಿದ, ಹೊಳೆಯನ್ನು ನೋಡಿದ.

‘ಇದು ಮುಣುಗಿದ್ರ ನಾ ತೆಗ್ಯಾಂವಲ್ಲ. ನೀ ಮುಣುಗಿದ್ರ ತೆಗೀತೇನಿ,’ ಎಂದ.

‘ನನ್ನ ಬಿಟ್ಟ ಅದನ್ನ ತೆಗೀರಿ,’ ಎಂದೆ.

ಅವನಿಗೆ ಅದು ಹಿಡಿಸಿತು. ಹೊಳೆಯ ನಡುವೆ ಹರಗೋಲು ಬುಗುರಿಯಂತೆ ಸುತ್ತತೊಡಗಿದಾಗ ನಾನು ಹೆದರಿ ಕೂಗಿದೆನೋ, ಖುಷಿಯಲ್ಲಿ ಕೂಗಿದೆನೋ ಇವತ್ತಿಗೂ ತಿಳಿಯದು. ಸಾಯಬಣ್ಣ ನಗುನಗುತ್ತಲೇ ಹುಟ್ಟು ಹಾಕಿದ.

ಆಚೆ ದಂಡೆಯಲ್ಲಿ ನಾಕಾದ ಜವಾನ ಲಾಲಸಾಬ ಕಾದಿದ್ದ. ಮಷೀನನ್ನು ಸುತ್ತು ಹಾಕಿ, ಚಕ್ರ ತಿರುಗಿಸಿ ನೋಡಿ, ಸಾಹೇಬರು ಬರುವ ತನಕ ಇದು ಇಲ್ಲೇ ಇರಬೇಕು ಎಂದ. ಸಾಹೇಬರು ಯಾವಾಗ ಬರುತ್ತಾರೆಂದು ಕೇಳಿದರೆ ಅದು ಸಾಹೇಬರಿಗೇ ಗೊತ್ತು ಎಂದ. ಮಳೆ ಹನಿಯುತ್ತಿತ್ತು. ನನ್ನ ಹಾಡೆಲ್ಲ ಗಂಟಲಲ್ಲೇ ಉಳಿಯಿತು. ಅಷ್ಟರಲ್ಲಿ ಗಂಡನಿಗೆ ಬುತ್ತಿ ತಂದ ಒಬ್ಬ ಎತ್ತರದ ಹೆಂಗಸು ಮಷೀನು ನೋಡಲು ನೆರೆದ ಗುಂಪಿನೊಳಗೆ ನುಗ್ಗಿದಳು. ಆಕೆ ಸಾಯಬಣ್ಣನ ಹೆಂಡತಿ ಗುರುಬಾಯಿ.

ನಮ್ಮ ಸೀಮೆಯಲ್ಲಿ ಹೊಸ ಮುಖ ಕಂಡರೆ ಮೊದಲು ಕೇಳುವುದು ಹೆಸರಲ್ಲ, ಯಾರ ಕಡೆಯವರು ಎಂದು. ಲಾಲಸಾಬನೂ ಅದನ್ನೇ ಕೇಳಿದ: ‘ಇಂವ ಯಾರ ಪೈಕಿ?’

ನಾನು ಬಾಯಿ ತೆರೆಯುವ ಮೊದಲೇ ಗುರುಬಾಯಿ ಅಂದಳು: ‘ನಮ್ಮ ಪೈಕಿ.’

‘ನಿನ್ನೀತನ ಇರಲಿಲ್ಲಲ್ಲ?’

‘ಇವತ್ತ ಬಂದಾನ. ಬಂದಾಂವಗ ಮಳ್ಯಾಗ ನಿಂದ್ರಸ್ತಾರೇನು? ಮಷೀನಿಗಿ ನಾ ಜಾಮೀನ. ನಿಮ್ಮ ಸಾಹೇಬ ಕೇಳಿದ್ರ ನಮ್ಮ ಮನಿಗಿ ಕಳಸು.’

ಲಾಲಸಾಬ ಗಡ್ಡ ಕೆರೆದುಕೊಂಡ. ‘ಹಂಗಾರ ಮೊದಲನೇ ಹೊಲಿಗಿ ನಮ್ಮ ಮನೀದು. ಕೂಸು ಹುಟ್ಟ್ಯಾದ, ಕುಂಚಗಿ ಹೊಲೀಬೇಕು,’ ಎಂದ. ಪರದೇಶದಲ್ಲಿ ನಾನು ಹೊಲಿದ ಮೊದಲ ಬಟ್ಟೆ ಹಾಗೆ ಆ ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಗಿ. ಅದರ ತುದಿಗೆ ಗುರುಬಾಯಿ ತನ್ನ ಹಳೆಯ ಸೀರೆಯ ಕೆಂಪು ಅಂಚು ಕೊಟ್ಟಿದ್ದಳು.

ಗಂಡ ಹೆಂಡತಿ ತಮ್ಮ ಮನೆಯ ಪಡಸಾಲೆಯನ್ನೇ ನನಗೆ ಅಂಗಡಿ ಮಾಡಿಕೊಟ್ಟರು. ಸಂಜೆಯೊಳಗೆ ಊರಿಗೆ ಸುದ್ದಿ ಮುಟ್ಟಿತ್ತು. ಊರಿಗೆ ಒಬ್ಬಂಟಿಯಾಗಿ ಬಂದವನಿಗೆ ಬಿಡಾರ ಹೂಡಲು ಮನೆಗೊಂದು ಸಾಮಾನು ಕೊಡುವುದು ಅಲ್ಲಿನವರ ರೂಢಿ. ಯಾರು ಏನು ಕೊಡಬೇಕೆಂದು ಮಾತನಾಡಿಕೊಳ್ಳುವ ರೂಢಿ ಮಾತ್ರ ಇರಲಿಲ್ಲ. ಕತ್ತಲಾಗುವ ಹೊತ್ತಿಗೆ ನನ್ನ ಮುಂದೆ ಕಸಬರಿಗೆಗಳ ಗುಡ್ಡೆ ಬಿದ್ದಿತ್ತು. ಬೀಸುಕಲ್ಲಿನ ಮೇಲಿನ ಅರ್ಧ, ಕಾಲು ಮುರಿದ ಹೊರಸು, ಒಂದು ಹುಂಜ. ದೀಪ ಮಾತ್ರ ಯಾರೂ ತಂದಿರಲಿಲ್ಲ.

‘ಕಸಾ ಹೊಡೀಲಾಕ ಬಂದಾನಂತ ತಿಳದಾರಲೇ ನಿನಗ!’ ಎಂದು ಸಾಯಬಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಅಷ್ಟು ನಕ್ಕದ್ದು ಅಪ್ಪ ಹೋದ ಮೇಲೆ ಅದೇ ಮೊದಲು.

ಊಟಕ್ಕೆ ಕೂರುವಾಗ ನನಗೆ ಅಳುಕಾಯಿತು. ಅವರದು ಹೊಳೆಯ ಮೀನು ತಿನ್ನುವ ಮನೆ; ನಮ್ಮಲ್ಲಿ ಅದರ ವಾಸನೆಯೂ ಆಗದು. ನಮ್ಮವರು ಅಂಥ ಮನೆಯಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ಗುರುಬಾಯಿ ನನ್ನ ಮುಖ ನೋಡಿ, ಮೂಲೆಯಲ್ಲಿ ಗೋಡೆಗೆ ಆನಿಸಿಟ್ಟ ಹೊಸ ಹಂಚು ತೋರಿಸಿದಳು. ಅದರ ಮಣ್ಣಿನ ಬಣ್ಣ ಇನ್ನೂ ಮಾಸಿರಲಿಲ್ಲ.

‘ಕುಂಬಾರ ಮನಿಲಿಂದ ಈಗ ತಂದೀನಿ. ನಿನ್ನ ರೊಟ್ಟಿ ಅದರ ಮ್ಯಾಲ. ಬ್ಯಾರೆ ಏನೂ ಅದರ ಮ್ಯಾಲ ಬೀಳೂದಿಲ್ಲ. ಉಣ್ಣಲೇ.’

ನಾನು ಉಂಡೆ. ಅವ್ವನಿಗೆ ಮಾತ್ರ ನಾನೇ ಬೇಯಿಸಿಕೊಳ್ಳುತ್ತೇನೆಂದು ಹೇಳಿಕಳಿಸಿದೆ.

ಆಮೇಲಿನ ತಿಂಗಳುಗಳು ಓಡಿದ ಬಗೆ! ಚಾವಡಿಯ ಗೋಡೆಯ ಮೇಲೆ ಬರೆದ ನಿಜಾಮ ಸರಕಾರದ ಫಸಲಿ ಇಸವಿ ನೋಡಿದರೆ ನಾನು ಸುಮಾರು ಆರುನೂರು ವರ್ಷ ಹಿಂದಕ್ಕೆ ಬಂದಿದ್ದೆ. ಆ ಸರಕಾರದ ತಿಂಗಳ ಹೆಸರುಗಳೂ ಬೇರೆ. ಪ್ರತಿ ಅಮಾವಾಸ್ಯೆಗೆ ಹೊಳೆಯ ದಂಡೆ ಹೆಂಗಸರಿಂದ ತುಂಬುತ್ತಿತ್ತು. ಕುಬಸ ಹೊಲಿದು ಹೊಲಿದು ಕಾಲು ಸೋಲುತ್ತಿದ್ದವು. ಮುಂದೆ ಸಾಯಬಣ್ಣನ ಅಳಿಯನ ಚಕ್ಕಡಿಯಲ್ಲಿ ಮಷೀನು ಹೇರಿಕೊಂಡು ಸಂತೆಗಳಿಗೂ ಹೊರಟೆ. ಅತನೂರಿನ ಸಂತೆಯಲ್ಲಿ ಎತ್ತಿನ ಬೆನ್ನಿಗೆ ಹೊದಿಸುವ ಜೂಲ ಹೊಲಿದೆ. ಯಡ್ರಾಮಿಯಲ್ಲಿ ಒಬ್ಬ ಗೌಡರು ಕೋಟು ಹೊಲಿಸಿ, ಬಿಸಿಲಲ್ಲಿ ಅದನ್ನು ತೊಟ್ಟು ಬೆವರುತ್ತ ಸಂತೆ ತುಂಬ ಅಡ್ಡಾಡಿದರು. ಜೇವರ್ಗಿಯಲ್ಲಿ ಮಷೀನಿನ ಸುತ್ತ ಎಷ್ಟು ಜನ ನೆರೆದರೆಂದರೆ ನನಗೆ ಸೂಜಿಯೇ ಕಾಣಲಿಲ್ಲ. ‘ಹಿಂದಕ ಸರೀರಿ, ಗಾಳಿ ಬಿಡ್ರಿ ಟೇಲರಗ,’ ಎಂದು ಒಬ್ಬ ಅಜ್ಜಿ ಕೋಲು ಬೀಸಿದಳು. ಆಳಂದಕ್ಕೆ ಹೋದದ್ದು ಒಂದೇ ಸಲ. ದರ್ಗಾಕ್ಕೆ ಬಂದವರು ಹಾಸಿಕೊಟ್ಟ ಚಾದರದ ಮೇಲೆ ಮಲಗಿ, ಎಚ್ಚರಾದಾಗ ಯಾವ ಊರಲ್ಲಿದ್ದೇನೆಂದು ಗೊತ್ತಾಗದೆ ಸುಮ್ಮನೆ ಖುಷಿಪಟ್ಟಿದ್ದೆ. ಹೋದಲ್ಲೆಲ್ಲ ಅದೇ ಪ್ರಶ್ನೆ: ಯಾರ ಪೈಕಿ? ನಾನು ಎದೆಯುಬ್ಬಿಸಿ ‘ಘತ್ತರಗಿ ಸಾಯಬಣ್ಣನ ಪೈಕಿ’ ಅನ್ನುತ್ತಿದ್ದೆ. ಅದಾದ ಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ. ಲಾಲಸಾಬ ಮಾತ್ರ ಒಮ್ಮೆ ಕಿವಿಯ ಹತ್ತಿರ ಬಂದು, ‘ಯಾರರೆ ಕಾಂಗ್ರೆಸ್ಸಿನ ಬಿಳಿ ಟೋಪಿ ಹೊಲಿ ಅಂದ್ರ ದಾರ ಮುಗದದ ಅನ್ನು,’ ಎಂದು ಎಚ್ಚರಿಸಿದ್ದ.

ಎಳ್ಳ ಅಮಾವಾಸ್ಯೆ ಬಂತು. ಆ ಸೀಮೆಯಲ್ಲಿ ಅಂದು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಹೊತ್ತುಕೊಂಡು ಹೊಲಕ್ಕೆ ಹೋಗುತ್ತಾರೆ. ಹೊಲವಿಲ್ಲದವನನ್ನು ಹೊಲವಿದ್ದವನು ಕರೆಯಲೇಬೇಕು. ದಾರಿಯಲ್ಲಿ ಹೋಗುವವನನ್ನೂ ಬಿಡುವಂತಿಲ್ಲ. ಉಣ್ಣುವ ಮೊದಲು ಚರಗ ಚೆಲ್ಲಬೇಕು. ಮನೆಯ ಯಜಮಾನ ಅಡುಗೆಯ ಬುಟ್ಟಿ ಹಿಡಿದು ಬೆಳೆಯ ಮೇಲೆ ಎರಚುತ್ತ, ಕೂಗುತ್ತ ಮುಂದೆ ನಡೆಯುತ್ತಾನೆ. ಮಗ ತಂಬಿಗೆಯಿಂದ ನೀರು ಚಿಮುಕಿಸುತ್ತ, ಆ ಕೂಗಿಗೆ ಮಾರ್ದನಿ ಕೊಡುತ್ತ ಹಿಂದೆ ಬರುತ್ತಾನೆ. ಸಾಯಬಣ್ಣನಿಗೆ ಇದ್ದವಳು ಮದುವೆಯಾಗಿ ಹೋದ ಒಬ್ಬ ಮಗಳು. ಪ್ರತಿ ವರ್ಷ ಯಾರದೋ ಮನೆಯ ಹುಡುಗನನ್ನು ಕರೆತರುತ್ತಿದ್ದ. ಆ ವರ್ಷ ಗುರುಬಾಯಿ ತಂಬಿಗೆಯನ್ನು ನನ್ನ ಕೈಗಿಟ್ಟಳು.

ಹೊಳೆಯ ಪಕ್ಕದ ಅವರ ಹೊಲದಲ್ಲಿ ಬಿಳಿಜೋಳ ನನ್ನ ತಲೆ ಮೀರಿ ನಿಂತಿತ್ತು. ಸಾಯಬಣ್ಣ ಬುಟ್ಟಿಗೆ ಕೈ ಹಾಕಿ ಕೂಗಿದ: ‘ಒಲಗ್ಯಾ ಒಲಗ್ಯಾ!’ ಅದಕ್ಕೆ ಅಲ್ಲಿನವರು ಕೊಡುವ ಉತ್ತರ ಬೇರೆ. ಅದನ್ನು ನನಗೆ ಹಿಂದಿನ ದಿನವೇ ಕಲಿಸಿಯೂ ಇದ್ದರು. ಆದರೆ ಕೈಯಲ್ಲಿ ತಂಬಿಗೆ, ಮುಖಕ್ಕೆ ಎಳೆಬಿಸಿಲು, ಎದೆಯಲ್ಲಿ ತುಂಬಿದ ಹೊಳೆ. ನನ್ನ ಬಾಯಿಂದ ಬಂದದ್ದು ಅಪ್ಪನ ಹಿಂದೆ ನಡೆಯುತ್ತ ನಮ್ಮ ಹೊಲದಲ್ಲಿ ಕೂಗುತ್ತಿದ್ದ ಕೂಗು: ‘ಹುಲ್ಲುಲ್ಲಿಗೋ!’

ಸುತ್ತಲಿನ ಹೊಲಗಳಲ್ಲೆಲ್ಲ ನಗೆ ಎದ್ದಿತು. ‘ಸಾಯಬಣ್ಣಾ, ನಿನ್ನ ಜ್ವಾಳ ಇನ್ನ ಸಿಂದಗೀಗಿ ಹೊಂಟೇ ಬಿಡ್ತಾವ!’ ಎಂದು ಪಕ್ಕದ ಹೊಲದಿಂದ ಒಬ್ಬ ಕೂಗಿದ. ನಾನು ನಾಚಿ ನಿಂತೆ. ಸಾಯಬಣ್ಣ ಹಿಂತಿರುಗಿ ನೋಡದೆ ಮತ್ತೆ ‘ಒಲಗ್ಯಾ’ ಎಂದ. ಗುರುಬಾಯಿ ಬದುವಿನ ಮೇಲಿಂದ ಕೂಗಿದಳು: ‘ನಿನಗ ಬಂದದ್ದೇ ಅನ್ನಲೇ! ಭೂಮ್ತಾಯಿಗಿ ಎಲ್ಲಾ ತಿಳೀತದ.’

ಹೊಲದ ನಾಲ್ಕೂ ಮೂಲೆ ಮುಟ್ಟುವ ತನಕ ನಾನು ಹುಲ್ಲುಲ್ಲಿಗೋ ಎಂದು ಕೂಗಿದೆ. ಗಂಟಲು ಹರಿಯುವಷ್ಟು. ಅಂದು ಊಟಕ್ಕೆ ಕರೆದವರಿಗೆ ಇಲ್ಲವೆನ್ನಲಾಗದೆ ಹೊಲದಿಂದ ಹೊಲಕ್ಕೆ ಉಣ್ಣುತ್ತ ಹೋಗಿ, ಕಡೆಗೆ ಬಣವೆಯ ನೆರಳಲ್ಲಿ ಹೆಬ್ಬಾವಿನಂತೆ ಬಿದ್ದುಕೊಂಡೆ. ಬದುಕಿನಲ್ಲಿ ಅಂಥ ಮತ್ತೊಂದು ದಿನ ನನಗೆ ಸಿಗಲಿಲ್ಲ.

ಬೇಸಿಗೆಯಲ್ಲಿ ಗಾಳಿ ತಿರುಗಿತು. ಗಡಿಯ ಎರಡೂ ಕಡೆ ಬಂದೂಕು ಹಿಡಿದವರು ತಿರುಗಾಡತೊಡಗಿದರು. ಸಂತೆಗಳು ನಿಂತವು. ಇಂಥ ಊರು ಸುಟ್ಟರಂತೆ, ಅಂಥ ಊರು ಖಾಲಿಯಾಯಿತಂತೆ ಎಂಬ ಸುದ್ದಿ ದಿನವೂ ಬರುತ್ತಿತ್ತು. ಆಗ ನಮ್ಮ ಮನೆಯಲ್ಲಿ ದೊಡ್ಡಪ್ಪನ ಮಗಳ ಮದುವೆ ಬಂತು. ನಾನು ಮಷೀನನ್ನು ಪಡಸಾಲೆಯಲ್ಲೇ ಬಿಟ್ಟು, ಎಂಟು ದಿನದಲ್ಲಿ ಬರುತ್ತೇನೆಂದು ಹೇಳಿ ಹೊಳೆ ದಾಟಿದೆ. ಗುರುಬಾಯಿ ದಾರಿಗೆಂದು ಆ ಹಂಚಿನ ಮೇಲೆ ರೊಟ್ಟಿ ಸುಟ್ಟು ಕಟ್ಟಿಕೊಟ್ಟಳು. ಮದುವೆ ಮುಗಿದ ಮೇಲೆ ನಾನು ಹೋಗಲಿಲ್ಲ. ದಾರಿ ಮುಚ್ಚಿತ್ತು ಎಂದು ಹೇಳಿಕೊಂಡು ಬಂದಿದ್ದೇನೆ. ಅದು ಮುಚ್ಚಿದ್ದು ಆಮೇಲೆ. ನಾನು ಹೆದರಿದ್ದೆ, ಅಷ್ಟೇ.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಗ್ಗೆ ನಮ್ಮ ಮನೆಯ ಮುಂದೆ ನಾಯಿ ಬೊಗಳಿದವು. ಬಾಗಿಲಿಗೆ ಬಂದು ನೋಡಿದರೆ ಕೆಸರು ಮೆತ್ತಿಕೊಂಡ ಇಬ್ಬರು. ಸಾಯಬಣ್ಣನ ತಲೆಯ ಮೇಲೆ ಮಷೀನಿನ ಕಬ್ಬಿಣದ ಕಾಲು. ಗುರುಬಾಯಿಯ ಸೊಂಟದ ಮೇಲೆ ಕೂಸಿನಂತೆ ಕೌದಿಯಲ್ಲಿ ಸುತ್ತಿದ ಮಷೀನು. ಅವರು ಊರು ಬಿಟ್ಟು ಬಂದಿದ್ದರು. ತಮ್ಮದೆಂದು ಒಂದು ಗಂಟನ್ನೂ ತಂದಿರಲಿಲ್ಲ.

‘ಜ್ವಾಳ ಬಿಟ್ಟೀವಿ, ಕ್ವಾಣ ಬಿಟ್ಟೀವಿ,’ ಎಂದ ಸಾಯಬಣ್ಣ ಏದುಸಿರು ಬಿಡುತ್ತ, ನಗಲು ನೋಡುತ್ತ. ‘ಇದು ಮುಣುಗಿದ್ರ ತೆಗ್ಯಾಂವಲ್ಲ ಅಂದಿದ್ನೆಲ್ಲ. ಮುಣುಗಿಸಗೊಡಲಿಲ್ಲ ಈಕಿ.’

‘ಇದಕ ನಾ ಜಾಮೀನ ಇದ್ದೆನಲ್ಲ,’ ಎಂದಳು ಗುರುಬಾಯಿ.

ನಾನು ಮೆಟ್ಟಿಲು ಇಳಿದು ಆ ಭಾರವನ್ನು ಇಸಿದುಕೊಳ್ಳಬೇಕಾಗಿತ್ತು. ಅಷ್ಟರಲ್ಲಿ ದೊಡ್ಡಪ್ಪ ಹೊರಗೆ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿದ. ಬೆನ್ನಿಗೆ ಅವ್ವ. ದೊಡ್ಡಪ್ಪನ ಮಗಳನ್ನು ತವರಿಗೆ ಕರೆತಂದ ಹೊಸ ಬೀಗರ ಕಡೆಯ ನೆಂಟರು ಅಂದು ಮನೆ ತುಂಬ ಇದ್ದರು.

‘ಯಾರ ಪೈಕಿ ಇವ್ರು?’ ಎಂದ ದೊಡ್ಡಪ್ಪ.

ಅವರ ಮನೆಯಲ್ಲಿ ಉಂಡದ್ದು ಹೊರಬೀಳುತ್ತದೆ, ನೆಂಟರ ಮುಂದೆ ಮಾನ ಹೋಗುತ್ತದೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ನಾನು ಅಂದೆ: ‘ನನ್ನ ಗಿರಾಕ್ಯಾರು.’

ಸಾಯಬಣ್ಣ ನನ್ನ ಮುಖ ನೋಡಿದ, ತಿಳಿಯಲಿಲ್ಲವೆಂಬಂತೆ. ಗುರುಬಾಯಿಗೆ ತಕ್ಷಣ ತಿಳಿಯಿತು. ಅವಳು ಸೆರಗು ಸರಿಮಾಡಿಕೊಂಡು ದೊಡ್ಡಪ್ಪನಿಗೆ ಹೇಳಿದಳು: ‘ಹೌದ್ರಿ. ಇವರ ಕಡಿ ಕುಬಸ ಹೊಲಸ್ತಿದ್ವಿ. ಸಾಮಾನ ಉಳದಿತ್ತು, ಮುಟ್ಟಿಸಿ ಹೋಗೂಣಂತ ಬಂದ್ವಿ.’ ಆಮೇಲೆ ನನ್ನ ಕಡೆ ತಿರುಗಿ, ಇಡೀ ವರ್ಷ ಲೇ ಎಂದು ಕರೆದ ಬಾಯಿಂದಲೇ, ‘ನೋಡ್ಕೋರಿ, ಎಲ್ಲಾ ಬರೋಬ್ಬರಿ ಅದರಿ,’ ಎಂದಳು.

ಅವರಿಗೆ ಹೊರಗಿನ ಕಟ್ಟೆಯ ಮೇಲೆ ಎಲೆ ಹಾಕಿದರು. ಅವ್ವ ಮೇಲಿಂದ ನೀರು ಹೊಯ್ದಳು. ಅವರು ಬೊಗಸೆಯಲ್ಲಿ ಕುಡಿದರು. ನನಗಾಗಿ ಹೊಸ ಹಂಚು ತಂದವಳು ನಮ್ಮ ಮನೆಯ ಗಿಂಡಿಗೂ ತುಟಿ ತಾಗಿಸುವಂತಿರಲಿಲ್ಲ. ಉಂಡೆದ್ದು ತಮ್ಮ ಎಲೆ ತಾವೇ ಎತ್ತಿ ಹಾಕಿ, ಇಂಡಿ ಪೇಟೆಯ ಕಡೆ ಊರು ಬಿಟ್ಟವರಿಗೆ ಇರಲು ಜಾಗವಿದೆಯಂತೆ ಎಂದು ನಡೆದರು. ಕೌದಿಯನ್ನು ಮಷೀನಿನ ಮೇಲೆಯೇ ಬಿಟ್ಟು ಹೋಗಿದ್ದಳು. ಮಳೆ ಬರುತ್ತಿತ್ತು. ನಾನು ಓಡಿಹೋಗಿ ಅದನ್ನಾದರೂ ಕೊಟ್ಟು ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಿಜಾಮನ ರಾಜ್ಯ ಹೋಯಿತು. ಹೊಳೆಯ ಎರಡೂ ದಂಡೆ ಒಂದೇ ದೇಶವಾಯಿತು. ಅವರು ಊರಿಗೆ ಮರಳಿದರೆಂದು ಭಾಗ್ಯವಂತಿಗೆ ಹೋಗಿ ಬಂದವರಿಂದ ತಿಳಿಯಿತು. ಮತ್ತೊಂದು ಸುದ್ದಿಯೂ ಬಂತು. ನಿಜಾಮನ ರಾಜ್ಯ ಹೋದ ಮೇಲಿನ ಗದ್ದಲದಲ್ಲಿ, ಸೇಡಿಗೆಂದು ಲಾಲಸಾಬನ ಹೆಂಡತಿ ಮಕ್ಕಳನ್ನು ಹುಡುಕಿಕೊಂಡು ಬಂದೂಕು ಹಿಡಿದ ಕೆಲವರು ಬಂದಾಗ, ಗುರುಬಾಯಿ ತನ್ನ ಬಾಗಿಲಲ್ಲಿ ಅಡ್ಡ ನಿಂತು, ‘ಒಳಗ ಇದ್ದವ್ರು ನಮ್ಮ ಪೈಕಿ’ ಎಂದಳಂತೆ. ಬಂದವರು ಹಿಂದಿರುಗಿದರಂತೆ. ಅದನ್ನು ಕೇಳಿದ ದಿನ ನನಗೆ ಮಷೀನಿನ ಮುಂದೆ ಕೂತು ಒಂದು ಹೊಲಿಗೆಯನ್ನೂ ಹಾಕಲಾಗಲಿಲ್ಲ. ಅದೇ ಮಾತನ್ನು ನಾನು ಆಡಬೇಕಾಗಿದ್ದಾಗ ನನ್ನ ಮುಂದೆ ಬಂದೂಕು ಹಿಡಿದವರಿರಲಿಲ್ಲ. ಬರೀ ನೆಂಟರಿದ್ದರು.

ಆ ಮಷೀನಿನಿಂದಲೇ ನಾನು ಸಂಸಾರ ನಡೆಸಿದೆ, ಮಕ್ಕಳನ್ನು ಓದಿಸಿದೆ. ಘತ್ತರಗಿಗೆ ಮಾತ್ರ ಬರಲಿಲ್ಲ.

ಹೋದ ಎಳ್ಳ ಅಮಾವಾಸ್ಯೆಯಂದು ಬಸ್ಸಿಳಿದು, ಬುಟ್ಟಿಯವಳು ಹೋದ ದಾರಿಯಲ್ಲೇ ಹೊಳೆಯ ಕಡೆ ನಡೆದೆ. ಈಗ ಅಲ್ಲೆಲ್ಲ ಕಬ್ಬು ಬೆಳೆಯುತ್ತಾರೆ. ಯಾವ ಹೊಲ ಯಾರದೆಂದು ಗುರುತು ಹತ್ತಲಿಲ್ಲ. ಎಲ್ಲ ಕಡೆಯಿಂದ ‘ಒಲಗ್ಯಾ ಒಲಗ್ಯಾ’ ಕೇಳುತ್ತಿತ್ತು. ದೂರದ ಒಂದು ಜೋಳದ ಹೊಲದಿಂದ ಅದೇ ಕೂಗು ಎದ್ದಿತು. ಅದಕ್ಕೆ ಮಾರ್ದನಿಯಾಗಿ ಹೆಂಗಸರು ಮಕ್ಕಳೆಲ್ಲ ಸೇರಿ, ನಗುತ್ತ, ಕೂಗಿದರು: ‘ಹುಲ್ಲುಲ್ಲಿಗೋ!’

ನಾನು ಬದುವಿನ ಮೇಲೆ ನಿಂತಲ್ಲೇ ನಿಂತೆ.

ಆ ಹೊಲದವರು ನನ್ನನ್ನು ನೋಡಿದರು. ‘ಯಾಕ ನಿಂತೀರಿ ಅಜ್ಜಾರ, ಬರ್ರಿ, ಉಂಡ ಹೋಗ್ರಿ,’ ಎಂದು ಕರೆದಳು ಒಬ್ಬಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತವಳೇ. ಗುರುಬಾಯಿಯ ಎತ್ತರ, ಅವಳದೇ ಹಣೆ.

‘ಈ ಕೂಗು ನಿಮ್ಮ ಕಡೀದಲ್ಲಲ್ಲ ತಂಗಿ?’ ಎಂದೆ.

‘ಅಲ್ಲರಿ,’ ಎಂದು ನಕ್ಕಳು. ‘ನಮ್ಮಜ್ಜಿ ಹಾಕಿಕೊಟ್ಟ ರೂಢಿ. ಒಮ್ಮಿ ಮನಿ ಹುಡುಗ ಒಬ್ಬಾಂವ ತಪ್ಪಿ ಹಂಗ ಕೂಗಿದ್ನಂತ. ಆ ವರ್ಷ ಜ್ವಾಳ ಭಾಳ ಬಂದಿದ್ವಂತ. ಸಾಯೂತನಾ ಆಕಿ, ಒಂದ ಸುತ್ತ ಅವನ ಕೂಗು ಕೂಗ್ರಿ ಅಂತಿದ್ಳು. ಅದು ಕೇಳಿಸ್ಲಿಲ್ಲಂದ್ರ ಉಣತಿದ್ದಿಲ್ಲ.’

‘ಅಂವ ಯಾರಂತ ಹೇಳಲಿಲ್ಲೇನು?’

‘ಮನಿ ಹುಡುಗ ಅಂತಿದ್ಳು, ಅಷ್ಟೇರಿ.’ ಅವಳು ಎಲೆ ಹಾಸಿ ರೊಟ್ಟಿ ಇಟ್ಟಳು, ಅದರ ಮೇಲೆ ಭಜ್ಜಿ ಸುರಿದಳು. ಆಮೇಲೆ ಆ ಸೀಮೆಯವರೆಲ್ಲ ಕೇಳುವುದನ್ನೇ ಕೇಳಿದಳು: ‘ನೀವು ಯಾರ ಪೈಕಿ ಅಜ್ಜಾರ?’

ಗುರುಬಾಯಿ ನನ್ನನ್ನು ಬಚ್ಚಿಟ್ಟಿದ್ದಳು. ನಮ್ಮ ಮನೆಯ ಕಟ್ಟೆಯನ್ನು, ಬೊಗಸೆಯ ನೀರನ್ನು, ನನ್ನ ಆ ಒಂದು ಮಾತನ್ನು ಯಾರಿಗೂ ಹೇಳದೆ ಹೋಗಿದ್ದಳು. ನಾನೂ ಸುಮ್ಮನೆ ಉಂಡು ಎದ್ದು ಬರಬಹುದಾಗಿತ್ತು.

ರೊಟ್ಟಿ ಮುಟ್ಟದೆ ಕೈ ಎತ್ತಿದೆ. ‘ಮೊದಲ ನನ್ನ ಮಾತು ಪೂರಾ ಕೇಳು ತಾಯಿ, ಆಮ್ಯಾಲ ಉಣ್ಣಂದ್ರ ಉಣತೇನಿ,’ ಎಂದೆ. ‘ನಾ ನಿಮ್ಮಜ್ಜಿ ಪೈಕಿ.’